ಲಯ, ಶ್ರುತಿ, ಭಾವ: ಮೊಜಾರ್ಟ್‌ನ ‘ಆವೆ ವೇರುಮ್’ ಕೃತಿಯನ್ನು ಗಾಯನವೃಂದಕ್ಕೆ ಕಲಿಸುವ ಬಗೆ

ಇಗರ್ಜಿಯ ಗಾಯನವೃಂದಕ್ಕೆ ಹೊಸ ಕೃತಿಯೊಂದನ್ನು ಕಲಿಸಲು ಹೊರಟ ಪ್ರತಿಯೊಬ್ಬರೂ ಮೂರು ಪ್ರಶ್ನೆಗಳನ್ನು ಎದುರಿಸುತ್ತಾರೆ. ಎಷ್ಟು ವೇಗದಲ್ಲಿ ಹಾಡಬೇಕು? ಯಾವ ಶ್ರುತಿಯಲ್ಲಿ ಹಾಡಬೇಕು? ಯಾವ ಭಾವದಲ್ಲಿ ಹಾಡಬೇಕು? ನಾವು ಸಾಮಾನ್ಯವಾಗಿ ಇವನ್ನು ಬೇರೆ ಬೇರೆಯಾಗಿ ಬಗೆಹರಿಸುತ್ತೇವೆ. ವೇಗವನ್ನು ಮೆಟ್ರೊನೋಮ್ ಎಂಬ ತಾಳಯಂತ್ರ ನೋಡಿ, ಶ್ರುತಿಯನ್ನು ಕೀಬೋರ್ಡ್ ನೋಡಿ ನಿರ್ಧರಿಸುತ್ತೇವೆ. ಭಾವಕ್ಕೆ ಮಾತ್ರ ಕೊನೆಯ ದಿನ ‘ಸ್ವಲ್ಪ ಭಕ್ತಿಯಿಂದ ಹಾಡಿ’ ಎಂದು ಹೇಳಿ ಮುಗಿಸುತ್ತೇವೆ. ಅನೇಕ ವರ್ಷ ನಾನೂ ಹಾಗೆಯೇ ಮಾಡಿದೆ. ಈ ಮೂರೂ ಒಂದೇ ಪ್ರಶ್ನೆ, ಅದರ ಉತ್ತರ ಸಾಹಿತ್ಯದ ಒಂದು ಪದದಲ್ಲಿ ಅಡಗಿರುತ್ತದೆ ಎಂಬುದನ್ನು ನನಗೆ ಕಲಿಸಿದ್ದು 46 ಬಾರ್‌ಗಳ (ತಾಳದ ಆವರ್ತಗಳ) ಒಂದು ಚಿಕ್ಕ ಕೃತಿ. ಅದನ್ನೇ ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಕೃತಿ ಮೊಜಾರ್ಟ್‌ನ ‘ಆವೆ ವೇರುಮ್ ಕೊರ್ಪುಸ್’, ಅವನ ಕೃತಿಗಳಿಗೆ ಕ್ರಮಸಂಖ್ಯೆ ಕೊಟ್ಟ ಕೋಶೆಲ್ ಪಟ್ಟಿಯಲ್ಲಿ 618ನೆಯದು. 1791ರ ಜೂನ್ 17ರಂದು, ವಿಯೆನ್ನಾದ ದಕ್ಷಿಣಕ್ಕಿರುವ ಬಾಡೆನ್ ಊರಿನಲ್ಲಿ ಬರೆದದ್ದು. ತುಂಬು ಗರ್ಭಿಣಿಯಾಗಿದ್ದ ಹೆಂಡತಿ ಕಾನ್‌ಸ್ಟಾಂಟ್ಸೆ ಅಲ್ಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದಳು. ಊರಿನ ಇಗರ್ಜಿಯ ಗಾಯನವೃಂದವನ್ನು ನಡೆಸುತ್ತಿದ್ದ ಆಂಟನ್ ಶ್ಟೋಲ್ ಎಂಬ ಗೆಳೆಯನಿಗಾಗಿ, ಪರಮಪ್ರಸಾದದ (ಕ್ರಿಸ್ತನ ಶರೀರವೆಂದು ಸ್ವೀಕರಿಸುವ ರೊಟ್ಟಿಯ) ಮಹೋತ್ಸವಕ್ಕೆಂದು ಮೊಜಾರ್ಟ್ ಇದನ್ನು ಬರೆದುಕೊಟ್ಟ. ಹಬ್ಬ ಇದ್ದದ್ದು ಜೂನ್ 23ರಂದು; ಕಲಿಯಲು ಸಿಕ್ಕಿದ್ದು ಒಂದು ವಾರಕ್ಕೂ ಕಡಿಮೆ. ಆದ್ದರಿಂದಲೇ ಇಲ್ಲಿ ಯಾವ ದನಿಗೂ ಸರ್ಕಸ್ ಇಲ್ಲ. ಊರಿನ ಸಾಮಾನ್ಯ ಹಾಡುಗಾರರು, ತಂತಿವಾದ್ಯಗಳು, ಒಂದು ಆರ್ಗನ್, ಇಷ್ಟು ಸಾಕು. ನಮ್ಮಂಥ ವೃಂದಗಳಿಗೆ ಇದು ಹೇಳಿ ಬರೆಸಿದಂತಿದೆ.

ಮೊದಲ ಹೆಜ್ಜೆ: ಸ್ವರದ ಹಾಳೆಯನ್ನು ಮುಚ್ಚಿಟ್ಟು ಪದಗಳನ್ನು ಓದಿ

ಸಾಹಿತ್ಯ ಮಧ್ಯಯುಗದ ಲ್ಯಾಟಿನ್ ಪ್ರಾರ್ಥನೆ. ಅದನ್ನು ಕನ್ನಡ ಲಿಪಿಯಲ್ಲಿ ಬೋರ್ಡಿನ ಮೇಲೆ ಬರೆಯಿರಿ, ಪ್ರತಿ ಪದದ ಕೆಳಗೆ ಅರ್ಥವನ್ನೂ ಬರೆಯಿರಿ. ಸಾರಾಂಶ ಸಾಲದು, ಪದಕ್ಕೆ ಪದ ಬೇಕು.

‘ಆವೆ ವೇರುಮ್ ಕೊರ್ಪುಸ್, ನಾತುಮ್ ದೆ ಮರೀಯಾ ವಿರ್ಜಿನೆ’: ನಮೋ, ನಿಜವಾದ ಶರೀರವೇ, ಕನ್ಯೆ ಮರಿಯಳಿಂದ ಹುಟ್ಟಿದ್ದೇ. ‘ವೇರೆ ಪಾಸ್ಸುಮ್, ಇಮ್ಮೊಲಾತುಮ್ ಇನ್ ಕ್ರೂಚೆ ಪ್ರೊ ಓಮಿನೆ’: ನಿಜಕ್ಕೂ ನೋವುಂಡು, ಮನುಷ್ಯನಿಗಾಗಿ ಶಿಲುಬೆಯ ಮೇಲೆ ಬಲಿಯಾದದ್ದೇ. ‘ಕೂಯುಸ್ ಲಾತುಸ್ ಪೆರ್ಫೊರಾತುಮ್ ಉಂದಾ ಫ್ಲುಕ್ಸಿತ್ ಎತ್ ಸಾಂಗ್ವಿನೆ’: ಇರಿತಕ್ಕೊಳಗಾದ ಯಾವ ಪಕ್ಕೆಯಿಂದ ನೀರೂ ರಕ್ತವೂ ಹರಿಯಿತೋ. ‘ಎಸ್ತೊ ನೋಬಿಸ್ ಪ್ರೇಗುಸ್ತಾತುಮ್ ಇನ್ ಮೊರ್ತಿಸ್ ಎಗ್ಸಾಮಿನೆ’: ಸಾವಿನ ಪರೀಕ್ಷೆಯ ಹೊತ್ತಿಗೆ ನಮಗೆ ಮೊದಲೇ ಸವಿದ ತುತ್ತಾಗಿರು.

ಕೊನೆಯ ಸಾಲಿನಲ್ಲಿ ನಿಲ್ಲಿ. ‘ಪ್ರೇಗುಸ್ತಾತುಮ್’ ಎಂದರೆ ಮುಂಚಿತವಾಗಿ ರುಚಿ ನೋಡಿದ್ದು. ಸಾಯುವವರಿಗೆ ಕೊಡುವ ಕೊನೆಯ ಪರಮಪ್ರಸಾದಕ್ಕೆ ಕೆಥೊಲಿಕ್ ಸಭೆಯಲ್ಲಿ ‘ವಿಯಾಟಿಕುಮ್’ ಎನ್ನುತ್ತಾರೆ. ‘ವಿಯಾ’ ಎಂದರೆ ದಾರಿ, ಅಲ್ಲಿಗೆ ವಿಯಾಟಿಕುಮ್ ಎಂದರೆ ದಾರಿಯ ಆಹಾರ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದವಿದೆ: ಬುತ್ತಿ. ದೂರದ ಪ್ರಯಾಣಕ್ಕೆ ಹೊರಟವರಿಗೆ ಮನೆಯವರು ಕಟ್ಟಿಕೊಡುವ ಬುತ್ತಿ. ಇಡೀ ಪ್ರಾರ್ಥನೆ ಹುಟ್ಟಿನಿಂದ ಶಿಲುಬೆಗೆ, ಶಿಲುಬೆಯಿಂದ ಗಾಯಕ್ಕೆ ನಡೆದು, ಕೊನೆಗೆ ಕೇಳುವುದು ಇಷ್ಟನ್ನೇ: ನಮ್ಮ ಸಾವಿನ ದಾರಿಗೆ ನೀನು ಬುತ್ತಿಯಾಗು. ಈ ಪದವನ್ನು ಬೋರ್ಡಿನ ಮೇಲೆ ಬರೆದ ದಿನ ನಮ್ಮ ವೃಂದದ ಹಿರಿಯ ಬಾಸ್ (ಗಂಡಸರ ತಗ್ಗಿನ ದನಿಯ) ಗಾಯಕರೊಬ್ಬರು ತಮ್ಮ ತಾಯಿಯ ಕೊನೆಯ ದಿನವನ್ನು ನೆನೆದು ಸುಮ್ಮನೆ ಕುಳಿತುಬಿಟ್ಟರು. ಅಂದು ನಾವು ಒಂದು ಸ್ವರವನ್ನೂ ಹಾಡಲಿಲ್ಲ. ಆದರೂ ಆ ಕೃತಿಯ ಭಾವ ನಮಗೆ ಸಿಕ್ಕಿದ್ದು ಅಂದೇ ಎಂದು ನಾನು ನಂಬಿದ್ದೇನೆ.

ಉಚ್ಚಾರಣೆಯನ್ನೂ ಈಗಲೇ ನಿಶ್ಚಯಿಸಿಬಿಡಿ. ಮೇಲೆ ಬರೆದದ್ದು ಇಟಲಿಯ ರೀತಿ. ಜರ್ಮನ್ ರೀತಿಯಲ್ಲಿ ‘ಕ್ರೂಚೆ’ ಬದಲು ‘ಕ್ರೂತ್ಸೆ’, ‘ವಿರ್ಜಿನೆ’ ಬದಲು ‘ವಿರ್ಗಿನೆ’ ಎನ್ನುತ್ತಾರೆ. ಮೊಜಾರ್ಟ್‌ನ ಕಿವಿಗೆ ಎರಡನೆಯದು ಹತ್ತಿರ. ಆದರೆ ನಮ್ಮ ಹಿರಿಯರು ಲ್ಯಾಟಿನ್ ಬಲಿಪೂಜೆಯ ಕಾಲದಿಂದ ಇಟಲಿಯ ರೀತಿಗೇ ಒಗ್ಗಿದವರು. ನಾನು ಅದನ್ನೇ ಆರಿಸುತ್ತೇನೆ. ಯಾವುದಾದರೂ ಸರಿ, ಎಲ್ಲರದೂ ಒಂದೇ ಇರಬೇಕು.

ಎರಡನೆಯ ಹೆಜ್ಜೆ: ಹಾಳೆಯ ಮೇಲೆ ಏನಿದೆ, ಏನಿಲ್ಲ

ಈಗ ಸ್ವರದ ಹಾಳೆಯನ್ನು ತೆರೆಯಿರಿ. ಮೇಲೆ ‘ಅಡಾಜಿಯೊ’ ಎಂದಿದೆ. ಎರಡು ಶಾರ್ಪ್‌ಗಳಿವೆ, ಅಂದರೆ ಅರ್ಧ ಸ್ವರ ಏರಿಸುವ ಗುರುತುಗಳು. ತಾಳದ ಜಾಗದಲ್ಲಿ ‘ಸಿ’ ಅಕ್ಷರವನ್ನು ಉದ್ದಕ್ಕೆ ಸೀಳಿದ ಗುರುತಿದೆ. ‘ಸೊತ್ತೊ ವೊಚೆ’ (ಅಡಗಿದ ದನಿಯಲ್ಲಿ) ಎಂಬ ಒಂದು ಸೂಚನೆಯಿದೆ. ದನಿ ಏರಿಸಿ, ಇಳಿಸಿ ಎಂದು ಹೇಳುವ ಬೇರೆ ಯಾವ ಗುರುತನ್ನೂ ಮೊಜಾರ್ಟ್ ಹಾಕಿಲ್ಲ. ನಿಮ್ಮ ಪ್ರತಿಯಲ್ಲಿ ಕ್ರೆಸೆಂಡೊ (ದನಿ ಏರಿಸುತ್ತ), ಪಿಯಾನೊ (ಮೆತ್ತಗೆ) ಎಂದೆಲ್ಲ ಇದ್ದರೆ ಅದು ನಂತರದ ಸಂಪಾದಕರು ಸೇರಿಸಿದ್ದು. ಪೆನ್ಸಿಲ್‌ನಿಂದ ಅವುಗಳ ಸುತ್ತ ಆವರಣ ಹಾಕಿ. ಅವು ಸಲಹೆಗಳು, ಆಜ್ಞೆಗಳಲ್ಲ. ಮೆಟ್ರೊನೋಮ್ ಅಂಕಿಯೂ ಮೂಲದ್ದಲ್ಲ: ಮೆಲ್ಜೆಲ್ ತನ್ನ ಮೆಟ್ರೊನೋಮಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ, ಮೊಜಾರ್ಟ್ ತೀರಿಕೊಂಡು 24 ವರ್ಷಗಳಾದ ಮೇಲೆ.

ಮೂರನೆಯ ಹೆಜ್ಜೆ: ಲಯ

ಅಡಾಜಿಯೊ ಎಂದರೆ ನಿಧಾನ ಎಂದು ಎಲ್ಲರಿಗೂ ಗೊತ್ತು. ಇಟಲಿ ಭಾಷೆಯಲ್ಲಿ ಅದರ ಮೂಲ ‘ಅದ್ ಆಜಿಯೊ’, ಅಂದರೆ ನಿರಾಳವಾಗಿ. ನಿಧಾನಕ್ಕೂ ನಿರಾಳಕ್ಕೂ ಇರುವ ಅಂತರದಲ್ಲಿಯೇ ಈ ಕೃತಿ ಉಳಿಯುತ್ತದೆ ಅಥವಾ ಮುಳುಗುತ್ತದೆ. ಸೀಳಿದ ‘ಸಿ’ ಗುರುತು ಹೇಳುವುದೇನೆಂದರೆ, ಪ್ರತಿ ಬಾರ್‌ನಲ್ಲಿ ನಾಲ್ಕು ಕ್ರಾಚೆಟ್ (ಒಂದೆಣಿಕೆಯ ಸ್ವರ) ಇದ್ದರೂ ಮೈ ತೂಗುವುದು ಎರಡೆಣಿಕೆಯ ಎರಡು ಮಿನಿಮ್‌ಗಳಿಗೆ. ನಾಲ್ಕು ಎಣಿಸಿದರೆ ಪ್ರತಿ ಸ್ವರವೂ ಕಲ್ಲಿನಂತೆ ಕೂರುತ್ತದೆ. ಎರಡು ಎಣಿಸಿದರೆ ಸಾಲು ನಡೆಯತೊಡಗುತ್ತದೆ. ಕೈಯಲ್ಲಿ ನಾಲ್ಕು ತೋರಿಸಿದರೂ ಮನಸ್ಸಿನಲ್ಲಿ ಎರಡು ಇರಲಿ.

ಈಗ ಒಂದು ಲೆಕ್ಕ. 46 ಬಾರ್, ಬಾರ್‌ಗೆ ನಾಲ್ಕರಂತೆ 184 ಕ್ರಾಚೆಟ್. ಮೆಟ್ರೊನೋಮಿನಲ್ಲಿ ನಿಮಿಷಕ್ಕೆ ಕ್ರಾಚೆಟ್ 46 ಆದರೆ ಕೃತಿ ನಾಲ್ಕು ನಿಮಿಷ. 52 ಆದರೆ ಮೂರೂವರೆ ನಿಮಿಷ. 60 ಆದರೆ ಮೂರು ನಿಮಿಷ ನಾಲ್ಕು ಸೆಕೆಂಡು. 72 ಆದರೆ ಎರಡೂವರೆ ನಿಮಿಷಕ್ಕೆ ಮುಗಿದೇ ಹೋಗುತ್ತದೆ. ನೀವು ಮೆಚ್ಚುವ ಧ್ವನಿಮುದ್ರಣದ ಅವಧಿಯನ್ನು ನೋಡಿ, 184ನ್ನು 60ರಿಂದ ಗುಣಿಸಿ, ಬಂದದ್ದನ್ನು ಆ ಅವಧಿಯ ಸೆಕೆಂಡುಗಳಿಂದ ಭಾಗಿಸಿ. ಅವರ ಸರಾಸರಿ ವೇಗ ಸಿಗುತ್ತದೆ. ಆದರೆ ಅವರದು ತರಬೇತಾದ ದನಿಗಳು, ಅವರ ಕಟ್ಟಡ ಬೇರೆ. ಅದನ್ನು ಹಾಗೆಯೇ ನಕಲು ಮಾಡಬೇಡಿ. ನಿಮ್ಮ ವೇಗವನ್ನು ನೀವೇ ಕಂಡುಕೊಳ್ಳಲು ಮೂರು ಪರೀಕ್ಷೆಗಳಿವೆ.

ಉಸಿರಿನ ಪರೀಕ್ಷೆ ಮೊದಲನೆಯದು. ‘ನಾತುಮ್ ದೆ ಮರೀಯಾ ವಿರ್ಜಿನೆ’ ಸಾಲು ನಾಲ್ಕು ಬಾರ್‌ಗಳಷ್ಟು ಉದ್ದ, ಅಂದರೆ 16 ಕ್ರಾಚೆಟ್. 60ರ ವೇಗದಲ್ಲಿ 16 ಸೆಕೆಂಡು, 46ರಲ್ಲಿ ಸುಮಾರು 21 ಸೆಕೆಂಡು. ಮೆತ್ತಗಿನ ದನಿಯಲ್ಲಿ 16 ಸೆಕೆಂಡು ಉಸಿರು ಹಿಡಿಯುವುದನ್ನು ಹವ್ಯಾಸಿ ಗಾಯಕರು ಒಂದು ತಿಂಗಳಲ್ಲಿ ಕಲಿಯುತ್ತಾರೆ. 21 ಸೆಕೆಂಡಿಗೆ ಸಾಲು ಎಲ್ಲೋ ತುಂಡಾಗುತ್ತದೆ, ಅದೂ ‘ಮರೀಯಾ’ದ ನಡುವೆಯೇ.

ಎರಡನೆಯದು ‘ಎಸ್ತೊ ನೋಬಿಸ್’ ಪರೀಕ್ಷೆ. ಅಲ್ಲಿಯವರೆಗೆ ನಾಲ್ಕೂ ದನಿಗಳು ಒಟ್ಟಿಗೆ ನಡೆದಿರುತ್ತವೆ. ಇಲ್ಲಿ ಹೆಂಗಸರ ದನಿಗಳಾದ ಸೊಪ್ರಾನೊ ಮತ್ತು ಆಲ್ಟೊ ಮುಂದೆ ಹೊರಡುತ್ತವೆ, ಗಂಡಸರ ದನಿಗಳಾದ ಟೆನರ್ ಮತ್ತು ಬಾಸ್ ಅದೇ ಸಾಲನ್ನು ಹಿಂದಿನಿಂದ ಹಿಡಿಯುತ್ತವೆ. ವೇಗ ಹೆಚ್ಚಾದರೆ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ವೇಗ ಕಡಿಮೆಯಾದರೆ ಗಂಡಸರು ತಡವಾಗಿ ಬಂದಂತೆ ಕೇಳುತ್ತದೆ. ಎರಡೂ ಆಗದ ಅಂಕಿಯನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಕೃತಿಯ ಆರಂಭಕ್ಕೂ ಅದೇ ವೇಗ.

ಮೂರನೆಯದು ಕಟ್ಟಡ. ಇಗರ್ಜಿ ಖಾಲಿಯಿರುವಾಗ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಅಡಗುವವರೆಗೆ ಎಣಿಸಿ. ಎತ್ತರದ ಚಾವಣಿ, ಕಲ್ಲಿನ ನೆಲವಿದ್ದರೆ ಹಿಂದಿನ ಸ್ವರ ಮುಂದಿನದರ ಮೇಲೆ ಹರಡಿರುತ್ತದೆ. ಆಗ ಒಂದೆರಡು ಅಂಕಿ ಕೆಳಗಿಳಿಯಿರಿ. ಜನ ತುಂಬಿದಾಗ ಮೈ, ಬಟ್ಟೆಗಳು ಸದ್ದನ್ನು ಹೀರುವುದರಿಂದ ಈ ಪ್ರತಿಧ್ವನಿ ಕಡಿಮೆಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ವೃಂದ ನಿಂತದ್ದು 58ರಲ್ಲಿ. ಬುತ್ತಿ ಹಿಡಿದು ನಡೆಯುವವರ ಹೆಜ್ಜೆ ಅದು ಎಂದು ನನಗೆ ಅನ್ನಿಸುತ್ತದೆ. ಶವಸಂಸ್ಕಾರದಲ್ಲಿ ಹಾಡುವಾಗ ಇನ್ನಷ್ಟು ಎಳೆಯಬೇಕು ಎಂಬ ಒತ್ತಡ ಬರುತ್ತದೆ. ಎಳೆಯಬೇಡಿ. ದುಃಖದಲ್ಲಿರುವವರಿಗೆ ಹಾಡು ಆಸರೆಯಾಗಬೇಕು, ಹೊರೆಯಾಗಬಾರದು.

ನಾಲ್ಕನೆಯ ಹೆಜ್ಜೆ: ಶ್ರುತಿ

ಎರಡು ಶಾರ್ಪ್, ಕೊನೆಯ ಸ್ವರಮೇಳ ಡಿ: ಕೃತಿ ಡಿ ಮೇಜರ್‌ನಲ್ಲಿದೆ. ಹಾರ್ಮೋನಿಯಂ ಬಲ್ಲವರಿಗೆ ಬಿಳಿ ಎರಡು. ಅದನ್ನು ಷಡ್ಜವಾಗಿಟ್ಟುಕೊಂಡರೆ ಸ್ವರಗಳು ಶಂಕರಾಭರಣದವು. ಸೊಪ್ರಾನೊ ಮೊದಲ ಸಾಲು ಪಂಚಮದಿಂದ ಮೇಲಿನ ಷಡ್ಜಕ್ಕೆ ಏರಿ ಗಾಂಧಾರಕ್ಕೆ ಇಳಿಯುತ್ತದೆ. ಮತ್ತೆ ಪಂಚಮ ಹಿಡಿದು, ಅಲ್ಲಿಂದ ಪ್ರತಿಮಧ್ಯಮ, ಅದರ ಬೆನ್ನಿಗೇ ಶುದ್ಧ ಮಧ್ಯಮ. ಎರಡನೆಯ ‘ಆವೆ’ಯ ಈ ಇಳಿಯುವ ಮೂರು ಸ್ವರಗಳಲ್ಲಿ ಇಡೀ ಕೃತಿಯ ಜೀವವಿದೆ. ಕರ್ನಾಟಕ ಸಂಗೀತದ ಮೇಳಕರ್ತದ ಕಟ್ಟಿನಲ್ಲಿ ಒಂದು ರಾಗಕ್ಕೆ ಒಂದೇ ಮಧ್ಯಮ. ಕೇದಾರ, ಲಲಿತಗಳನ್ನು ಕೇಳಿದ ಹಿಂದೂಸ್ತಾನಿ ಕಿವಿಗೆ ಎರಡೂ ಮಧ್ಯಮಗಳು ಪರಿಚಿತ. ನಮ್ಮ ಗಾಯಕರು ಇಲ್ಲಿ ಅಭ್ಯಾಸಬಲದಿಂದ ಜಾರು ಹಾಕುತ್ತಾರೆ. ಬೇಡ. ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲ ಮೇಲೂ ಪಾದ ಪೂರ್ತಿ ಊರಬೇಕು. ತಂಬೂರಿಯನ್ನು ಬಿಳಿ ಎರಡಕ್ಕೆ ಹಾಕಿ ಈ ಸಾಲೊಂದನ್ನೇ ಹತ್ತು ಸಲ ಹಾಡಿಸಿ. ಮುಂದಿನ ಸಾಲುಗಳಲ್ಲಿ ಆಧಾರವೇ ಸರಿಯುವುದರಿಂದ ಅಲ್ಲಿ ತಂಬೂರಿ ದಾರಿ ತಪ್ಪಿಸುತ್ತದೆ, ನಿಲ್ಲಿಸಿಬಿಡಿ.

ಶ್ರುತಿಯ ಬಗ್ಗೆ ನಾವು ಪಾಠ ಕಲಿತ ದಿನವನ್ನು ಹೇಳಲೇಬೇಕು. ಮೊದಲ ಸಲ ಹಾಡಿದಾಗ ನಾನು ವೇಗವನ್ನು 48ಕ್ಕೆ ಇಟ್ಟಿದ್ದೆ. ದನಿಗಳು ಆಸರೆಯಿಲ್ಲದೆ ಹಾಡಲಿ, ನಡುವಿನ ವಾದ್ಯದ ಭಾಗವನ್ನು ಮಾತ್ರ ಕೀಬೋರ್ಡ್ ನುಡಿಸಲಿ ಎಂದು ಏರ್ಪಾಡು ಮಾಡಿದ್ದೆ. ‘ಪ್ರೊ ಓಮಿನೆ’ ಮುಗಿಯಿತು. ನಮಗೆಲ್ಲ ಚೆನ್ನಾಗಿಯೇ ಹಾಡಿದೆವು ಎನ್ನಿಸಿತು. ಆಗ ಕೀಬೋರ್ಡ್ ತನ್ನ ಸರಿಯಾದ ಶ್ರುತಿಯಲ್ಲಿ ಶುರುವಾಯಿತು, ನಾವು ಅರ್ಧ ಸ್ವರ ಕೆಳಗೆ ನಿಂತಿದ್ದೆವು. ಆ ಕ್ಷಣ ಆಲ್ಟೊ ಸಾಲಿನ ಹುಡುಗಿಯೊಬ್ಬಳು ತಲೆ ಎತ್ತಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಪ್ಪು ಅವರದಾಗಿರಲಿಲ್ಲ. ಮೆತ್ತಗೆ ಹಾಡುವಾಗ ಉಸಿರಿನ ಆಸರೆ ಸಡಿಲವಾಗುತ್ತದೆ, ಉಸಿರು ಕಡಿಮೆಯಾದಂತೆ ಶ್ರುತಿ ಇಳಿಯುತ್ತದೆ. ನಾನು ಆರಿಸಿದ ವೇಗವೇ ಶ್ರುತಿಯನ್ನು ಕೆಳಗೆಳೆದಿತ್ತು.

ಅಂದಿನಿಂದ ಈ ಕ್ರಮ ಪಾಲಿಸುತ್ತೇನೆ. ಅಭ್ಯಾಸದಲ್ಲಿ ಪ್ರತಿ ಸಾಲಿನ ಕೊನೆಗೆ ಒಂದೇ ಒಂದು ಸ್ವರವನ್ನು ಕೀಬೋರ್ಡ್‌ನಲ್ಲಿ ಒತ್ತಿ ತಾಳೆ ನೋಡುತ್ತೇನೆ. ಇಳಿಯುವ ಸ್ವರಗಳನ್ನು ‘ಚಿಕ್ಕ ಹೆಜ್ಜೆ’ ಎಂದೂ ಏರುವ ಸ್ವರಗಳನ್ನು ‘ದೊಡ್ಡ ಹೆಜ್ಜೆ’ ಎಂದೂ ನೆನಪಿಸುತ್ತೇನೆ. ವಾರಕ್ಕೊಮ್ಮೆ ಇಡೀ ಕೃತಿಯನ್ನು ಅರ್ಧ ಸ್ವರ ಮೇಲೆ, ಇ ಫ್ಲ್ಯಾಟ್‌ನಲ್ಲಿ ಹಾಡಿಸುತ್ತೇನೆ. ಮರಳಿ ಡಿಗೆ ಬಂದಾಗ ದನಿಗೆ ವಿಶ್ರಾಂತಿ ಸಿಕ್ಕಂತಾಗುತ್ತದೆ. ಮೇಲಿನ ಸ್ವರ ಕಷ್ಟ ಎಂದು ಕೃತಿಯನ್ನು ಸಿ ಮೇಜರ್‌ಗೆ ಇಳಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೊಪ್ರಾನೊ ಎಲ್ಲಿಯೂ ಕಿರುಚಬೇಕಾಗಿಲ್ಲ, ಬಾಸ್‌ಗೋ ಇನ್ನೂ ಕೆಳಗಿಳಿದರೆ ದನಿಯೇ ಸಿಗುವುದಿಲ್ಲ.

ಐದನೆಯ ಹೆಜ್ಜೆ: ಶ್ರುತಿ ಎಲ್ಲೆಲ್ಲಿ ಹೋಗುತ್ತದೆ ಎಂಬ ನಕ್ಷೆ

ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ಡಿ ಮೇಜರ್ ಇರುವಷ್ಟು ಹೊತ್ತು ಹಳದಿ. ಶಿಲುಬೆಯ ಸಾಲು ಎ ಮೇಜರ್‌ನಲ್ಲಿ ನಿಲ್ಲುತ್ತದೆ: ಬಿಳಿ ಆರು, ಅಂದರೆ ಪಂಚಮವೇ ಹೊಸ ಷಡ್ಜ. ಅದಕ್ಕೆ ಕಿತ್ತಳೆ. ವಾದ್ಯಗಳ ಚಿಕ್ಕ ಭಾಗ ಮುಗಿದು ‘ಕೂಯುಸ್ ಲಾತುಸ್’ ಬರುವಾಗ ಶಾರ್ಪ್‌ಗಳು ಅಳಿಸಿಹೋಗಿ ಒಂದು ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಗುರುತು) ಬರುತ್ತದೆ. ಇರಿದ ಪಕ್ಕೆಯ ಮಾತು ಬಂದೊಡನೆ ಸಂಗೀತ ಎಫ್ ಮೇಜರ್‌ಗೆ, ಬಿಳಿ ನಾಲ್ಕಕ್ಕೆ ಸರಿಯುತ್ತದೆ. ಇಲ್ಲಿಗೆ ನೀಲಿ. ಅಲ್ಲಿಂದ ಡಿ ಮೈನರ್ ಕಡೆಗೆ ವಾಲುತ್ತದೆ. ಕೀರವಾಣಿ ಬಲ್ಲವರಿಗೆ ಆ ನೆರಳು ಗುರುತು ಸಿಗುತ್ತದೆ. ‘ಎಸ್ತೊ ನೋಬಿಸ್’ ಎಂದಾಗ ಮತ್ತೆ ಹಳದಿ.

ಈ ನಕ್ಷೆಯನ್ನು ಎಲ್ಲ ಗಾಯಕರೂ ಸ್ವತಃ ಬಿಡಿಸಬೇಕು. ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ ಎಂಬ ಸುಲಭದ ಸೂತ್ರ ಇಲ್ಲಿ ಮುರಿದುಬೀಳುವುದನ್ನು ಅವರೇ ಕಾಣುತ್ತಾರೆ. ಗಾಯದ ಮಾತು ಶುರುವಾಗುವುದು ಮೇಜರ್‌ನಲ್ಲಿ, ಸಾವಿನ ಮಾತು ಮುಗಿಯುವುದೂ ಮೇಜರ್‌ನಲ್ಲಿ. ಗಾಯವನ್ನು ಹೇಳುವಾಗ ಸಂಗೀತ ಚೀರುವುದಿಲ್ಲ. ಹತ್ತಿರ ಬಂದು ನೋಡುತ್ತದೆ, ಅಷ್ಟೆ. ಅಲ್ಲಿ ದನಿ ಏರಿಸುವ ಬದಲು ಬಣ್ಣವನ್ನು ಬದಲಿಸಿ: ಸ್ವರಾಕ್ಷರಗಳನ್ನು ಸ್ವಲ್ಪ ದುಂಡಾಗಿಸಿ, ಬಾಯೊಳಗೆ ಜಾಗ ಹೆಚ್ಚಿಸಿ ಎಂದು ಹೇಳಿದರೆ ಸಾಕು.

ಆರನೆಯ ಹೆಜ್ಜೆ: ಅಡಗಿದ ದನಿ

‘ಸೊತ್ತೊ ವೊಚೆ’ ಎಂದರೆ ದನಿಯ ಕೆಳಗೆ. ಅದು ಪಿಸುಮಾತಲ್ಲ, ದುರ್ಬಲ ದನಿಯೂ ಅಲ್ಲ. ಮಲಗಿದ ಮಗುವಿನ ಪಕ್ಕ ಕುಳಿತು ಇನ್ನೊಬ್ಬರೊಡನೆ ಮುಖ್ಯವಾದದ್ದೇನೋ ಹೇಳುವಾಗ ನಮ್ಮ ದನಿ ಹೇಗಿರುತ್ತದೋ ಹಾಗೆ: ಸದ್ದು ಕಡಿಮೆ, ಒತ್ತು ಪೂರ್ತಿ. ವ್ಯಂಜನಗಳು ಸ್ಪಷ್ಟವಾಗಿರಬೇಕು. ‘ಕ್ರೂಚೆ’ಯ ‘ಕ್ರ’ ಹಿಂದಿನ ಬೆಂಚಿಗೂ ಕೇಳಬೇಕು.

ಇಷ್ಟು ಅಡಗಿಸಿಟ್ಟದ್ದು ಕೊನೆಗೆ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ‘ಇನ್ ಮೊರ್ತಿಸ್ ಎಗ್ಸಾಮಿನೆ’ ಎಂಬುದನ್ನು ಮೊಜಾರ್ಟ್ ಒಮ್ಮೆ ಹೇಳಿ ಬಿಡುವುದಿಲ್ಲ. ಎರಡನೆಯ ಸಲ ‘ಮೊರ್ತಿಸ್’ ಪದವನ್ನು ಉದ್ದಕ್ಕೆ ಹಿಗ್ಗಿಸುತ್ತಾನೆ, ಕೃತಿಯ ಬೇರೆಲ್ಲೂ ಇಲ್ಲದಷ್ಟು. ಸಾವು ಎಂಬ ಪದದ ಮೇಲೆ ದನಿಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಅದನ್ನು ತಡೆಯಬೇಡಿ, ತಳ್ಳಲೂ ಬೇಡಿ. ಅಲ್ಲಿ ಗಾಯಕರು ಸರದಿಯ ಮೇಲೆ ಉಸಿರು ತೆಗೆದುಕೊಳ್ಳಲಿ; ಅಕ್ಕಪಕ್ಕದ ಇಬ್ಬರು ಒಂದೇ ಜಾಗದಲ್ಲಿ ಉಸಿರೆಳೆಯದಂತೆ ಹೆಸರು ಹಿಡಿದು ಜಾಗ ಗೊತ್ತುಮಾಡಿಕೊಡಿ.

ಹಾಳೆ ಏನೂ ಹೇಳದಿದ್ದರೆ

ಇದೇ ಪ್ರಾರ್ಥನೆಗೆ ಇಂಗ್ಲೆಂಡಿನ ವಿಲಿಯಂ ಬರ್ಡ್ ಸಂಯೋಜಿಸಿದ ಸಂಗೀತ 1605ರಲ್ಲಿ ಅಚ್ಚಾಯಿತು. ಕೆಥೊಲಿಕರು ಮನೆಗಳಲ್ಲಿ ಗುಟ್ಟಾಗಿ ಬಲಿಪೂಜೆ ನಡೆಸುತ್ತಿದ್ದ ಕಾಲ ಅದು. ಅದರಲ್ಲಿ ಅಡಾಜಿಯೊ ಇಲ್ಲ, ಸೊತ್ತೊ ವೊಚೆ ಇಲ್ಲ, ಯಾವ ಸೂಚನೆಯೂ ಇಲ್ಲ. ಆದರೆ ‘ವೇರುಮ್’, ನಿಜವಾದ, ಎಂಬ ಪದದ ಬಳಿ ಒಂದು ದನಿ ಎಫ್ ಶಾರ್ಪ್ ಹಾಡಿದ ಬೆನ್ನಿಗೇ ಇನ್ನೊಂದು ದನಿ ಬರಿಯ ಎಫ್ ಹಾಡಿ ಕಿವಿಯನ್ನು ಚುಚ್ಚುತ್ತದೆ. ಆ ಚುಚ್ಚು ಕೇಳಿಸುವಷ್ಟು ನಿಧಾನ, ಮುಂದಿನ ಸಾಲು ಉಸಿರಿಗೆ ನಿಲುಕುವಷ್ಟು ಚುರುಕು: ವೇಗವನ್ನು ಅಲ್ಲಿಂದಲೇ ತೆಗೆಯಬಹುದು. ಪದ, ಉಸಿರು, ಕಟ್ಟಡ ಎಂಬ ಕ್ರಮ ಅಲ್ಲಿಯೂ ಕೆಲಸ ಮಾಡುತ್ತದೆ.

ಅಭ್ಯಾಸ, ಮತ್ತು ಹಾಡುವ ದಿನ

ಆರು ವಾರ ಇಟ್ಟುಕೊಳ್ಳಿ. ಮೊದಲ ವಾರ ಪದಗಳು ಮಾತ್ರ, ತಾಳಕ್ಕೆ ಸರಿಯಾಗಿ ಮಾತಿನಲ್ಲಿ ಹೇಳಿಸಿ. ಮುಂದಿನ ಎರಡು ವಾರ ದನಿಗಳನ್ನು ಬೇರೆ ಬೇರೆಯಾಗಿ ಕಲಿಸಿ. ಆಲ್ಟೊ ಸಾಲಿಗೆ ಹೆಚ್ಚು ಸಮಯ ಕೊಡಿ, ರಾಗದ ಆಕರ್ಷಣೆಯಿಲ್ಲದ ಸಾಲು ಅದು, ಬೇಗ ಸೊಪ್ರಾನೊ ಕಡೆಗೆ ಜಾರುತ್ತದೆ. ನಾಲ್ಕನೆಯ ವಾರದಿಂದ ಒಟ್ಟಿಗೆ. ಪ್ರತಿ ಸಲ ಮೊಬೈಲ್‌ನಲ್ಲಿ ಮುದ್ರಿಸಿ, ಅವಧಿಯನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯಿರಿ. ಮೂರು ನಿಮಿಷ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಅಂಕಿಗಳು ನಿಲ್ಲತೊಡಗಿದಾಗ ವೃಂದದ ಮೈಗೆ ಲಯ ಹತ್ತಿದೆ ಎಂದರ್ಥ. ಕೊನೆಯ ವಾರ ಹಾಲ್‌ನಲ್ಲಿ ಬೇಡ, ಇಗರ್ಜಿಯೊಳಗೇ ಅಭ್ಯಾಸ ಮಾಡಿ.

ಹಾಡುವ ದಿನ ಕೈ ಎತ್ತುವ ಮುನ್ನ, ‘ಎಸ್ತೊ ನೋಬಿಸ್ ಪ್ರೇಗುಸ್ತಾತುಮ್’ ಸಾಲನ್ನು ಮನಸ್ಸಿನಲ್ಲೇ ಒಮ್ಮೆ ಹಾಡಿಕೊಳ್ಳಿ. ವೇಗ ಅಲ್ಲಿಂದ ಬರಲಿ, ನಿಮ್ಮ ಎದೆಬಡಿತದಿಂದಲ್ಲ. ಪರಮಪ್ರಸಾದದ ಸಾಲು ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ಜನ ಕುಳಿತ ಮೇಲೆ ಶುರುಮಾಡಿ. ದನಿಗಳು ನಿಂತ ನಂತರವೂ ವಾದ್ಯಗಳಿಗೆ ಕೆಲವು ಬಾರ್‌ಗಳು ಉಳಿದಿರುತ್ತವೆ. ಆಗ ಗಾಯಕರು ಹಾಳೆ ಮಡಚಬಾರದು, ನೀರಿನ ಬಾಟಲಿಗೆ ಕೈ ಹಾಕಬಾರದು. ಕೊನೆಯ ಸ್ವರಮೇಳ ಚಾವಣಿಯಲ್ಲಿ ಅಡಗುವವರೆಗೆ ನಿಮ್ಮ ಕೈ ಮೇಲೆಯೇ ಇರಲಿ. ಖಾಲಿ ಇಗರ್ಜಿಯಲ್ಲಿ ಚಪ್ಪಾಳೆ ತಟ್ಟಿ ಎಣಿಸಿದಿರಲ್ಲ, ಅಷ್ಟು ಹೊತ್ತು.